ಕಂಡರೂ ಪ್ರಮಾಣಿಸಿ ನೋಡು

ತಮ್ಮಾ, ನಮ್ಮೂರು ಬಿಜ್ಜರಗಿ ಬಿಟ್ಟು ಕಣ್ಣಿನ ಚಿತ್ರ ತೆಗೆಯುವ ವಿದ್ಯೆ ಕಲಿಯಲು ಹೊರಟಿದ್ದೀ. ಸಂತೋಷ. ನಿನ್ನ ಕೈ ಚುರುಕು, ತಲೆ ಚುರುಕು. ಅವಸರ ಮಾತ್ರ ಎರಡಕ್ಕೂ ಮುಂದೆ ಓಡುತ್ತದೆ. ಅದಕ್ಕೇ ಈ ನಾಲ್ಕು ಮಾತು.

ಮೊದಲು ಸೂಕ್ಷ್ಮದರ್ಶಕಕ್ಕೆ ಕೂಡುವುದನ್ನು ಕಲಿ. ನಮ್ಮ ಕಡೆ ರಾಶಿ ಮಾಡುವಾಗ ರವದಿ ಬಡಿದೋ, ದ್ರಾಕ್ಷಿ ಪಡದಲ್ಲಿ ಕಡ್ಡಿ ತಾಗಿಯೋ ಕಣ್ಣಿಗೆ ಗೀರು ಬೀಳುತ್ತದೆ. ಆ ಗೀರಿನಿಂದ ಬೂಷ್ಟು ಕಾರ್ನಿಯಾಕ್ಕೆ ಇಳಿದರೆ ಹುಣ್ಣು. ವೈದ್ಯರು ಹುಣ್ಣಿನಂಚನ್ನು ಕೊಂಚ ಕೆರೆದು ಸ್ಲೈಡಿಗೆ ಹಚ್ಚಿ, ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕುತ್ತಾರೆ. ಕಣ್ಣಿನ ಕೋಶಗಳು ಕರಗಿ ತಿಳಿಯಾಗುತ್ತವೆ, ಬೂಷ್ಟಿನ ಎಳೆ ಉಳಿಯುತ್ತದೆ. ಕರಗುವ ತನಕ ತಾಳು. ತಿರುಪು ಮೆಲ್ಲಗೆ ತಿರುಗಿಸು. ಎಳೆಗೆ ಕವಲಿದೆಯೇ, ನಡುನಡುವೆ ಅಡ್ಡಗೆರೆ ಇದೆಯೇ ನೋಡು. ಇಲ್ಲವಾದರೆ ಹತ್ತಿಯ ನೂಲನ್ನೇ ಬೂಷ್ಟು ಎಂದು ಬರೆದುಬಿಡುತ್ತೀ.

ಇನ್ನು ಓಸಿಟಿ, ಅಂದರೆ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ. 1991ರಲ್ಲಿ ಅಮೆರಿಕದ ಎಂಐಟಿಯ ತಂಡ ಲೋಕಕ್ಕೆ ತಿಳಿಸಿದ ವಿದ್ಯೆ. ರೆಟಿನಾದ ದಪ್ಪ ಸುಮಾರು ಕಾಲು ಮಿಲಿಮೀಟರ್. ಅಷ್ಟರಲ್ಲೇ ಇರುವ ಪದರಗಳನ್ನು ಓಸಿಟಿ ಕಣ್ಣು ಮುಟ್ಟದೆ ಬಿಡಿಸಿ ತೋರಿಸುತ್ತದೆ. ಒಳಗಿಂದ ಮರಳಿದ ಬೆಳಕನ್ನು ಇನ್ನೊಂದು ಬೆಳಕಿನ ಜೊತೆ ಬೆರೆಸಿ, ಲೆಕ್ಕ ಹಾಕಿ ಚಿತ್ರ ಕಟ್ಟುತ್ತದೆ. ರೋಗಿಯ ಕಣ್ಣು ಅಲುಗಿದರೆ ಪದರದ ಗೆರೆ ಮುರಿದಂತೆ ಕಾಣುತ್ತದೆ. ಚಿತ್ರದ ತುಂಬ ಚುಕ್ಕೆಚುಕ್ಕೆ ಇರುತ್ತದೆಂದು ಒಂದೇ ಜಾಗದ ಹಲವು ಚಿತ್ರ ಕೂಡಿಸಿ ಸರಾಸರಿ ತೆಗೆಯುತ್ತಾರೆ. ಸರಿಯೇ. ಆದರೆ ಅಂದ ಹೆಚ್ಚಲೆಂದು ಮತ್ತೆ ಮತ್ತೆ ನುಣ್ಣಗೆ ಮಾಡಿದರೆ ಪದರಗಳ ನಡುವಿನ ಸಣ್ಣ ನೀರಗುಳ್ಳೆಯೂ ಅಳಿಸಿಹೋದೀತು. ತೂರುವಾಗ ಹೊಟ್ಟಿನ ಜೊತೆ ಜೋಳವೂ ಹಾರಿದರೆ ಏನು ಬಂತು?

ನಿನ್ನ ಚಿತ್ರ ನಂಬಿ ಯಾರೋ ಮದ್ದು ಮಾಡುತ್ತಾರೆ ಎಂಬುದು ನೆನಪಿರಲಿ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಜಿಲ್ಲೆಗಳಿಗೆ ಕ್ಯಾಮೆರಾ ಒಯ್ದು, ದಿನ ತುಂಬದೆ ಹುಟ್ಟಿದ ಕೂಸುಗಳ ರೆಟಿನಾದ ಚಿತ್ರ ತೆಗೆಯುತ್ತಾರೆ. ದೂರದ ವೈದ್ಯರು ಅದನ್ನು ನೋಡಿ ತೀರ್ಮಾನ ಹೇಳುತ್ತಾರೆ. ಅಂಥ ಕಡೆ ಮಸುಕು ಚಿತ್ರ ಕಳಿಸಿ 'ನಡೀತದ' ಎನ್ನುವಂತಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಮೂಲ ಚಿತ್ರ ಅಳಿಸಬೇಡ. ಅದಕ್ಕೆ ಏನೇನು ಮಾಡಿದೆ ಎಂದು ಬರೆದಿಡು. ಅನುಮಾನ ಬಂದರೆ ನಾಚದೆ ಇನ್ನೊಬ್ಬರಿಗೆ ತೋರಿಸು. ಇಷ್ಟು ಮಾಡು, ನಿನ್ನ ಮಾತಿಗೆ ತಾನಾಗಿ ತೂಕ ಬರುತ್ತದೆ.