ದುಡಿಮೆಯಿಂದ ಬಂದ ಜಡ್ಡಲ್ಲ

ನಮ್ಮಪ್ಪನ ಅಂಗೈ ಜಡ್ಡುಗಟ್ಟಿತ್ತು. ರಾಯಚೂರಿನಿಂದ ಹೈದರಾಬಾದಿಗೆ ಬಂದು ಕಾಚಿಗುಡದಲ್ಲಿ ನೆಲೆಸಿದ ಅವರದು ಗುಮಾಸ್ತಿಕೆ, ಗುದ್ದಲಿ ಹಿಡಿದವರಲ್ಲ. ಆದರೂ ಬಂಧುಗಳು ಅದನ್ನು ದುಡಿದ ಕೈ ಎಂದೇ ಹೊಗಳುತ್ತಿದ್ದರು. ನನಗೂ ಹಾಗೇ ಆಯಿತು. ಮಗಳು ನಡೆಯಲು ಕಲಿಯುವ ಮೊದಲೇ ಅವಳ ಅಂಗಾಲು ಹಳದಿಗಟ್ಟಿ ದಪ್ಪವಾದಾಗ ಆ ಮಾತು ನಿಂತಿತು. ಇದು ವಂಶದಲ್ಲಿ ಬಂದ ಚರ್ಮದ ಕಾಯಿಲೆ.

ಚರ್ಮದ ಕೋಶಗಳಿಗೆ ಒಳಗಿನಿಂದ ಬಿಗಿ ಕೊಡುವುದು ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳು. ಎರಡು ಬಗೆಯ ಕೆರಾಟಿನ್ ಜೊತೆಗೂಡಿ ಹುರಿಗೊಂಡರೇ ಎಳೆ. ಹಗ್ಗ ಹೊಸೆಯುವಾಗ ಕೊಳೆತ ನಾರು ಸೇರಿದರೆ ಉಳಿದ ನಾರು ಗಟ್ಟಿಯಿದ್ದೂ ಹಗ್ಗ ತಡೆಯದು. ಹಾಗೆಯೇ, ಅಮ್ಮನಿಂದ ಬಂದ ಒಳ್ಳೆಯ ಜೀನ್ ಇದ್ದರೂ ಅಪ್ಪನಿಂದ ಬಂದ ದೋಷ ಒಂದೇ ಸಾಕು. ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಬರುವ ಸಾಧ್ಯತೆ ಶೇ. 50.

ನಮ್ಮ ಮನೆಯಲ್ಲಿ ಕೆಟ್ಟಿರುವುದು 17ನೇ ವರ್ಣತಂತುವಿನ ಮೇಲಿರುವ ಕೆರಾಟಿನ್ 9ರ ಜೀನ್. ಈ ಕೆರಾಟಿನ್‌ಗೆ ಮುಖ್ಯವಾಗಿ ಅಂಗೈ, ಅಂಗಾಲುಗಳಲ್ಲೇ ಕೆಲಸ. ಮೈಯ ಉಳಿದ ಚರ್ಮ ನುಣುಪಾಗಿಯೇ ಇರುವುದು ಅದಕ್ಕೇ. ಕೆರಾಟಿನ್ 10 ಕೆಟ್ಟವರಿಗೆ ಮೈಯೆಲ್ಲ ಹುರುಪೆಗಟ್ಟುತ್ತದೆ. ಕೆರಾಟಿನ್ 9ಕ್ಕೂ ಈ ಕಾಯಿಲೆಗೂ ಇರುವ ನಂಟು ಗೊತ್ತಾದದ್ದು 1994ರಲ್ಲಿ. ಅಪ್ಪನ ಕಾಲದ ವೈದ್ಯರಿಗೆ ಅದನ್ನು ಹೇಳಲು ದಾರಿಯೇ ಇರಲಿಲ್ಲ.

ನನ್ನ ಯೋಚನೆಯನ್ನೇ ತಿರುಗಿಸಿದ ಸಂಗತಿ ಇದು: ನಮ್ಮ ಚರ್ಮ ದಪ್ಪವಾದದ್ದು ಬಲದಿಂದಲ್ಲ. ಎಳೆ ಸಡಿಲವಾದ ಕೋಶಗಳು ನಡೆದಾಗ, ಹಿಡಿದಾಗ ಒಡೆಯುತ್ತವೆ. ಒಡೆದಲ್ಲಿ ಕಾಪಾಡಲೆಂದು ದೇಹ ಹೊಸ ಕೋಶಗಳನ್ನು ಬೇಗಬೇಗ ಹುಟ್ಟಿಸಿ ಪದರದ ಮೇಲೆ ಪದರ ಏರಿಸುತ್ತದೆ. ಆದ್ದರಿಂದ ಬ್ಲೇಡಿನಿಂದ ಆಳಕ್ಕೆ ಕೆತ್ತಿದರೆ ಉಳಿಯುವುದು ಹಸಿ ನೋವು ಮಾತ್ರ. ಬೆಚ್ಚನೆ ನೀರಿನಲ್ಲಿ ನೆನೆಸಿ, ಹದವಾಗಿ ಉಜ್ಜಿ, ಯೂರಿಯಾ ಕ್ರೀಮ್ ಹಚ್ಚುವುದು ನಮಗೆ ಒಗ್ಗಿದೆ. ಸಡಿಲ ಚಪ್ಪಲಿ ಬಿಟ್ಟು ಮೆತ್ತನೆಯ ಅಟ್ಟೆ ಇರುವ ಪಾದರಕ್ಷೆ ಹಾಕುತ್ತೇವೆ. ಹೈದರಾಬಾದಿನ ಬೇಸಿಗೆಯಲ್ಲಿ ಬೆವರು ನಿಂತು ಶಿಲೀಂಧ್ರ ಸೇರಿಕೊಂಡರೆ ತುರಿಕೆ, ವಾಸನೆ ಹೆಚ್ಚುತ್ತದೆ. ಅದಕ್ಕೆ ಬೇರೆಯೇ ಔಷಧಿ ಬೇಕು.

ಅಸಿಟ್ರೆಟಿನ್ ಮಾತ್ರೆ ದಪ್ಪವನ್ನು ಇಳಿಸುತ್ತದೆ. ಆದರೆ ಅದು ಗರ್ಭದ ಶಿಶುವಿಗೆ ಅಪಾಯ. ನಿಲ್ಲಿಸಿದ ಮೇಲೂ 3 ವರ್ಷ ಗರ್ಭ ಧರಿಸಬಾರದು. ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಇದು ತಿಳಿದಿರಲೇಬೇಕು.

ಹೈದರಾಬಾದಿನಲ್ಲಿ, ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ತಳಿವಿಜ್ಞಾನ ವಿಭಾಗವಿದೆ. ಉಪ್ಪಲ್‌ನ ಸಿಡಿಎಫ್‌ಡಿ ಸಂಶೋಧನಾ ಕೇಂದ್ರದಲ್ಲಿ ಆನುವಂಶಿಕ ಕಾಯಿಲೆಗಳ ಪತ್ತೆ ಕೆಲಸ ನಡೆಯುತ್ತದೆ. ನಿಮ್ಮ ಮನೆಯಲ್ಲಿ ಎರಡು ತಲೆಮಾರಿಗೆ ಇಂಥ ಅಂಗೈ ಇದ್ದರೆ ಚರ್ಮವೈದ್ಯರಿಗೆ ಎಲ್ಲರ ಕೈಕಾಲನ್ನೂ ತೋರಿಸಿ, ಜೀನ್ ಪರೀಕ್ಷೆಯ ಬಗ್ಗೆ ಕೇಳಿ. ಇದು ಅಂಟುವ ಕಾಯಿಲೆಯಲ್ಲ ಎಂದು ಮಗುವಿನ ಶಾಲೆಗೂ ತಿಳಿಸಿ.