ಕುರಿಯ ರಕ್ತಹೀನತೆ: ಕಬ್ಬಿಣವೋ, ಲಿವರ್ ಸಾರವೋ?

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ನಾಲೆ ಬಯಲಿನಲ್ಲಿ ಬನ್ನೂರು ಕುರಿಗಳನ್ನು ಭತ್ತದ ಕೂಳೆ ಗದ್ದೆಗೆ ಮೇಯಲು ಬಿಡುವುದುಂಟು. ಬರಬರುತ್ತಾ ಕುರಿ ಸೊರಗಿ, ಕಣ್ಣಿನ ಒಳರೆಪ್ಪೆ ಬಿಳಿಚಿ, ಗದ್ದದಡಿ ನೀರೂತ ಕಂಡರೆ ಅದು ರಕ್ತಹೀನತೆಯ ಲಕ್ಷಣ. ಆಗ ಕಬ್ಬಿಣದ ಮದ್ದು ಕೊಡಿಸಬೇಕೋ, ಲಿವರ್ ಸಾರದ ಚುಚ್ಚುಮದ್ದೋ?

ಎರಡರ ಕೆಲಸವೂ ಬೇರೆ. ಕಬ್ಬಿಣವು ಕೆಂಪು ರಕ್ತಕ್ಕೆ ಬೇಕಾದ ಮೂಲವಸ್ತು. ಬಹುಕಾಲ ರಕ್ತ ಸೋರಿದರೆ ಅದೂ ಕಳೆದುಹೋಗುತ್ತದೆ. ಲಿವರ್ ಸಾರದ ಮುಖ್ಯ ಗುಣ ಬಿ-12 ಜೀವಸತ್ವದ್ದು. 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ಮನುಷ್ಯರ ಒಂದು ಬಗೆಯ ಮಾರಕ ರಕ್ತಹೀನತೆಯನ್ನು ಲಿವರ್ ತಿನ್ನಿಸಿ ಹತೋಟಿಗೆ ತಂದರು. ಕುರಿಯಾದರೋ, ಮೇವಿನಲ್ಲಿ ಕೋಬಾಲ್ಟ್ ಸಾಕಷ್ಟಿದ್ದರೆ ಈ ಜೀವಸತ್ವವನ್ನು ತನ್ನ ಹೊಟ್ಟೆಯಲ್ಲೇ ಪಡೆಯುತ್ತದೆ. ಆದ್ದರಿಂದ ರಕ್ತ ಸೋರುವ ಕುರಿಗೆ ಕಬ್ಬಿಣವೇ ಹೆಚ್ಚು ಉಪಯುಕ್ತ.

ಆದರೆ ಸೋರಿಕೆ ನಿಲ್ಲದಿದ್ದರೆ ಯಾವ ಮದ್ದೂ ತೂತು ಮಡಕೆಗೆ ನೀರು ಹೊಯ್ದಂತೆ. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿರುವ ಹಿಮಾಂಕಸ್ ಜಂತು ಒಂದೊಂದೂ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಕಳೆಯುತ್ತದೆ, ಸಾವಿರ ಜಂತುಗಳಿದ್ದರೆ 50 ಮಿ.ಲೀ. ಗದ್ದೆ, ನಾಲೆಯಂಚಿನ ಬಸವನಹುಳುವಿನ ಮೂಲಕ ಬರುವ ಲಿವರ್ ಫ್ಲೂಕ್ ಹುಳು ಪಿತ್ತನಾಳದಲ್ಲಿ ಸೇರಿ ರಕ್ತ ಹೀರುತ್ತದೆ.

ಆದುದರಿಂದ ರೈತರು ಈ ಕ್ರಮ ಅನುಸರಿಸಬೇಕು:

1. ಹಿಕ್ಕೆಯನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ, ಯಾವ ಹುಳುವೆಂದು ತಿಳಿಯಿರಿ.

2. ವೈದ್ಯರು ಹೇಳಿದ ಜಂತುನಾಶಕವನ್ನು ಕುರಿಯ ತೂಕಕ್ಕೆ ತಕ್ಕಷ್ಟು ಕುಡಿಸಿ. ಗಬ್ಬದ ಕುರಿಯಾದರೆ ಮೊದಲೇ ತಿಳಿಸಿ.

3. ಕಬ್ಬಿಣವನ್ನು ವೈದ್ಯರ ಸಲಹೆಯಂತೆಯೇ ಕೊಡಿಸಿ. ಹೆಚ್ಚಾದರೆ ಅದೇ ವಿಷ. ಜೊತೆಗೆ ಹಿಂಡಿ, ದ್ವಿದಳ ಮೇವು ಇರಲಿ.

4. ನೀರು ನಿಂತ ಗದ್ದೆಯಲ್ಲೂ ನಾಲೆಯಂಚಿನಲ್ಲೂ ಕುರಿ ಮೇಯಿಸಬೇಡಿ.