ಸಂಶೋಧನಾ ಪ್ರತಿಕಾಯಗಳ ವಹಿವಾಟು: ದಾಸ್ತಾನು ಮತ್ತು ತೆರಿಗೆಯ ಪಾಠಗಳು

ಪಾಣೆಮಂಗಳೂರಿನ ದಿನಸಿ ಅಂಗಡಿಗಳಲ್ಲಿ ಮಾರಾಟವಾಗುವ ಉಪ್ಪಿನಲ್ಲಿರುವ ಅಯೋಡಿನ್, ಥೈರಾಯಿಡ್ ಹಾರ್ಮೋನಿನ ಕಚ್ಚಾವಸ್ತು. ಈ ಹಾರ್ಮೋನು ಕೋಶಕೇಂದ್ರದಲ್ಲಿರುವ ಗ್ರಾಹಕ ಪ್ರೋಟೀನನ್ನು ಸೇರಿ ತನ್ನ ಕಾರ್ಯ ನಡೆಸುತ್ತದೆ. ಗ್ರಾಹಕದಲ್ಲಿ ಆಲ್ಫಾ, ಬೀಟಾ ಎಂಬ ಎರಡು ಮುಖ್ಯ ಬಗೆಗಳಿವೆ. ಅಂಗಾಂಶದಲ್ಲಿ ಇವುಗಳನ್ನು ಪತ್ತೆಹಚ್ಚಲು ಸಂಶೋಧಕರು ಬಳಸುವ ಸಾಧನಗಳಲ್ಲಿ ಪ್ರತಿಕಾಯವೂ ಒಂದು. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಏಕರೂಪದ ಪ್ರತಿಕಾಯಗಳನ್ನು ಸತತವಾಗಿ ಉತ್ಪಾದಿಸುವ ವಿಧಾನವನ್ನು ಪ್ರಕಟಿಸಿದರು. 1984ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಕೊಣಾಜೆಯ ವಿಶ್ವವಿದ್ಯಾನಿಲಯ, ದೇರಳಕಟ್ಟೆಯ ವೈದ್ಯಕೀಯ ಸಂಸ್ಥೆಗಳು ಸಮೀಪದಲ್ಲೇ ಇರುವುದರಿಂದ ಈ ಭಾಗದ ವರ್ತಕರು ಇಂತಹ ಸರಕಿನ ವಿತರಣೆಯ ಬಗ್ಗೆ ಯೋಚಿಸುವುದು ಸಹಜ. ಆದರೆ ಮೊದಲು ಮೂರು ಅಂಶಗಳನ್ನು ಪರಿಶೀಲಿಸುವುದು ಒಳಿತು.

1. ಬಳಕೆಯ ಮಿತಿ: 'ಸಂಶೋಧನೆಗೆ ಮಾತ್ರ' ಎಂಬ ಚೀಟಿಯಿರುವ ಸರಕನ್ನು ರೋಗಪತ್ತೆಗೆಂದು ಮಾರತಕ್ಕದ್ದಲ್ಲ. ರೋಗಪತ್ತೆಯ ಕಾರಕಗಳು 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಗೆ ಒಳಪಡುತ್ತವೆ. ಆಲ್ಫಾ ಬೇಕೋ ಬೀಟಾ ಬೇಕೋ, ಯಾವ ಪ್ರಾಣಿಯ ಅಂಗಾಂಶಕ್ಕೆ, ಯಾವ ಪರೀಕ್ಷೆಗೆ ಎಂಬುದನ್ನು ಖರೀದಿ ಆದೇಶದಲ್ಲೇ ಬರೆಸಿಕೊಳ್ಳಬೇಕು. ಒಂದು ಪರೀಕ್ಷೆಗೆ ಒಗ್ಗುವ ಪ್ರತಿಕಾಯ ಮತ್ತೊಂದಕ್ಕೆ ಒಗ್ಗದಿರಬಹುದು.

2. ದಾಸ್ತಾನು: ಹಲವು ಪ್ರತಿಕಾಯಗಳನ್ನು ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ ಇಡಬೇಕಾಗುತ್ತದೆ. ಪದೇ ಪದೇ ಕರಗಿ ಹೆಪ್ಪುಗಟ್ಟಿದರೆ ಗುಣ ಕುಂದುತ್ತದೆ. ಹೊರನೋಟಕ್ಕೆ ಅದು ತಿಳಿಯದು. ಆದ್ದರಿಂದ ತಂಡದ ಸಂಖ್ಯೆ, ಅವಧಿ, ಉಷ್ಣತೆಯ ದಾಖಲೆ ಅಗತ್ಯ. ವರ್ಷಾಂತ್ಯದಲ್ಲಿ ದಾಸ್ತಾನನ್ನು ಅಸಲು ಅಥವಾ ಮಾರಾಟದಿಂದ ದೊರೆಯಬಹುದಾದ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಮೌಲ್ಯೀಕರಿಸಬೇಕು.

3. ತೆರಿಗೆ: ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಹೂಡುವಳಿ ತೆರಿಗೆ ಜಮೆಯು ಕೇಂದ್ರ ಜಿ.ಎಸ್.ಟಿ. ಕಾಯ್ದೆಯ ಕಲಂ 17(5)(ಎಚ್) ಪ್ರಕಾರ ದೊರೆಯುವುದಿಲ್ಲ. ಮೊದಲೇ ಪಡೆದಿದ್ದರೆ ಹಿಂತಿರುಗಿಸಬೇಕು.

ಉದಾಹರಣೆಗೆ, ತಲಾ ರೂ. 30,000 ಅಸಲಿನ 10 ಸೀಸೆಗಳನ್ನು ತರಿಸಿ, ತಲಾ ರೂ. 3,000 ಲಾಭಕ್ಕೆ 8 ಮಾರಾಟವಾಗಿ, 2 ಕೆಟ್ಟವೆಂದು ಭಾವಿಸೋಣ. ಲಾಭ ರೂ. 24,000, ನಷ್ಟ ರೂ. 60,000. ಒಟ್ಟಿನಲ್ಲಿ ರೂ. 36,000 ಕೈಬಿಡುತ್ತದೆ, ಆ 2 ಸೀಸೆಗಳ ತೆರಿಗೆ ಜಮೆಯೂ ಹೋಗುತ್ತದೆ.

ಆದಕಾರಣ ಸಣ್ಣ ವರ್ತಕರು ದಾಸ್ತಾನು ಇರಿಸದೆ, ಲಿಖಿತ ಆದೇಶ ಮತ್ತು ಮುಂಗಡ ಪಡೆದ ಬಳಿಕವೇ ತರಿಸುವುದು ಕ್ಷೇಮ. ಸಾಗಾಟದಲ್ಲಿ ಕೆಟ್ಟರೆ ಬದಲಿ ನೀಡುವ ಹೊಣೆ ಯಾರದೆಂಬುದು ಪೂರೈಕೆದಾರರೊಂದಿಗಿನ ಕರಾರಿನಲ್ಲಿ ಸ್ಪಷ್ಟವಾಗಿರಬೇಕು.